ಡೋರ್ನಕಲ್‌ನ ಬಿಷಪ್ ಅಜರಯ್ಯ: ಭಾಷಣದಾಚೆಯ ಮೂವತ್ತೆರಡು ವರ್ಷ

ಆಂಗ್ಲಿಕನ್ ಸಭೆಯ (ಇಂಗ್ಲೆಂಡಿನ ಚರ್ಚ್ ಪರಂಪರೆಯ ಕ್ರೈಸ್ತ ಪಂಗಡ) ಮೊದಲ ಭಾರತೀಯ ಬಿಷಪ್ ವಿ. ಎಸ್. ಅಜರಯ್ಯ ಎಂದರೆ ಕ್ರೈಸ್ತ ಸಭೆಯ ಚರಿತ್ರೆ ಓದಿದವರಿಗೆ ಥಟ್ಟನೆ ನೆನಪಾಗುವುದು 1910ರ ಎಡಿನ್‌ಬರೊ ಭಾಷಣ. ಸುಮಾರು 1,200 ಪ್ರತಿನಿಧಿಗಳು ಕೂತಿದ್ದ ಆ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಏಷ್ಯಾದವರು ಇಪ್ಪತ್ತಕ್ಕಿಂತ ಕಡಿಮೆ. ಅವರಲ್ಲಿ ಒಬ್ಬರಾದ ಅಜರಯ್ಯನವರಿಗೆ ಆಗ 35 ವರ್ಷ. ವಿದೇಶಿ ಮಿಷನರಿಗೂ ಭಾರತೀಯ ಕೆಲಸಗಾರನಿಗೂ ನಡುವೆ ಇರುವ ಸಂಬಂಧ ಯಜಮಾನ ಮತ್ತು ಸಂಬಳದಾಳಿನದು ಎಂದು ಎದುರಿಗೇ ಹೇಳಿ, ಕೊನೆಗೆ ಬೈಬಲಿನ ಪೌಲನ ಪತ್ರದ ಮಾತನ್ನೇ ತಿರುಗಿಸಿ ಕೇಳಿದರು: ನಿಮ್ಮ ಸ್ವತ್ತನ್ನು ಬಡವರಿಗೆ ಕೊಟ್ಟಿರಿ, ನಿಮ್ಮ ದೇಹವನ್ನು ಸುಡುವುದಕ್ಕೂ ಒಪ್ಪಿಸಿದಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ. ಸಭೆಯಲ್ಲಿ ಕೆಲವರಿಗೆ ಸಿಟ್ಟು ಬಂತು, ಕೆಲವರಿಗೆ ನಾಚಿಕೆಯಾಯಿತು. ನೂರು ವರ್ಷದಿಂದ ಎಲ್ಲರೂ ಅದನ್ನೇ ಉದ್ಧರಿಸುತ್ತಾ ಬಂದಿದ್ದಾರೆ.

ನನ್ನ ಮಟ್ಟಿಗೆ ಅಜರಯ್ಯನವರ ದೊಡ್ಡ ಕೆಲಸ ಆ ಭಾಷಣವಲ್ಲ. ಅದಾದ ಮೇಲೆ 32 ವರ್ಷ, ನಿಜಾಮನ ರಾಜ್ಯದ ಡೋರ್ನಕಲ್ ಎಂಬ ರೈಲ್ವೆ ಜಂಕ್ಷನ್‌ನಲ್ಲಿ ಕೂತು, ಓದುಬರಹವಿಲ್ಲದ, ಕೈಯಲ್ಲಿ ನಗದು ಕಾಸಿಲ್ಲದ ಕೂಲಿಕಾರರ ಕ್ರೈಸ್ತ ಸಭೆಗಳನ್ನು ಅವರದೇ ಕಾಲ ಮೇಲೆ ನಿಲ್ಲಿಸುವುದಕ್ಕೆ ಅವರು ಮಾಡಿದ ಏರ್ಪಾಡುಗಳು. ಬಿಷಪ್ ಎಂದರೆ ಮುಡಿಮುಕುಟ, ದಂಡ, ಉಂಗುರ ಎಂದುಕೊಂಡವರಿಗೆ ಈ ಭಾಗ ಸಪ್ಪೆ ಅನ್ನಿಸಬಹುದು. ಸ್ವಾರಸ್ಯ ಇರುವುದು ಇಲ್ಲೇ.

ಹುಟ್ಟಿದ್ದು 1874ರ ಆಗಸ್ಟ್ 17ರಂದು, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ಈಗ ಅದು ತೂತ್ತುಕುಡಿ ಜಿಲ್ಲೆ. ತಂದೆ ಥಾಮಸ್ ವೇದನಾಯಗಂ ಅಲ್ಲಿನ ಸಭಾಪಾಲಕರು. ಮನೆತನ ನಾಡಾರರದು, ತಾಳೆಮರ ಹತ್ತಿ ರಸ ಇಳಿಸಿ ಬೆಲ್ಲ ಕಾಯಿಸುವ ಕಸುಬಿನ, ಮೇಲ್ಜಾತಿಯವರು ದೂರವೇ ಇಟ್ಟಿದ್ದ ಜನ. ಈ ಜಾತಿಯ ವಿಷಯ ಮುಂದೆ ಅವರ ಬಿಷಪ್ ಪದವಿಗೇ ಅಡ್ಡ ಬರುತ್ತದೆ. ಅದೂ ಹಿಂದೂಗಳಿಂದಲ್ಲ, ಕ್ರೈಸ್ತರಿಂದಲೇ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿದರು, ಕೊನೆಯ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದು ಬಿ.ಎ. ಕೈತಪ್ಪಿತು. ಮತ್ತೆ ಕಟ್ಟಲು ಹೋಗಲಿಲ್ಲ. 1920ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಕೊಟ್ಟ ಗೌರವ ಡಾಕ್ಟರೇಟೇ ಅವರ ಪಾಲಿನ ಡಿಗ್ರಿ.

1895ರಿಂದ 1909ರವರೆಗೆ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಕಾರ್ಯದರ್ಶಿ. ದಕ್ಷಿಣ ಭಾರತದ ಊರೂರು ಸುತ್ತಿ ಯುವಕರ ಕೂಟ ಕಟ್ಟುವ ಕೆಲಸ. ಅಮೆರಿಕದ ಶೆರ್ವುಡ್ ಎಡ್ಡಿ ಜೊತೆಗಿನ ಗೆಳೆತನ ಇಲ್ಲೇ ಬೆಳೆದದ್ದು. ಎಡಿನ್‌ಬರೊದಲ್ಲಿ 'ಸ್ನೇಹಿತರನ್ನು ಕೊಡಿ' ಎಂದು ಕೇಳಿದ್ದು ಅಂಥ ಸ್ನೇಹ ಹೇಗಿರುತ್ತದೆ ಎಂದು ಗೊತ್ತಿದ್ದ ಮನುಷ್ಯ. ನಡುವೆ 1898ರಲ್ಲಿ ಅನ್ಬು ಮರಿಯಮ್ಮಾಳ್ ಜೊತೆ ಮದುವೆ. ಆ ಕಾಲಕ್ಕೆ ಕಾಲೇಜು ಮೆಟ್ಟಿಲು ಹತ್ತಿದ ದಕ್ಷಿಣ ಭಾರತದ ಬೆರಳೆಣಿಕೆಯ ಕ್ರೈಸ್ತ ಹೆಂಗಸರಲ್ಲಿ ಆಕೆ ಒಬ್ಬರು. ಡೋರ್ನಕಲ್‌ನ ಕೆಲಸದಲ್ಲಿ ಅರ್ಧ ಅವರದೇ. ದಾಖಲೆಗಳಲ್ಲಿ ಮಾತ್ರ ಅವರ ಪಾಲಿಗೆ ಸಿಕ್ಕ ಜಾಗ ಕಡಿಮೆ.

1902ರ ಜಾಫ್ನಾ ಪ್ರವಾಸ ಒಂದು ತಿರುವು. ಅಲ್ಲಿನ ತಮಿಳು ಕ್ರೈಸ್ತ ವಿದ್ಯಾರ್ಥಿಗಳು ತಮ್ಮದೇ ದುಡ್ಡು ಕೂಡಿಸಿ ಬೇರೆ ಕಡೆಗೆ ಮಿಷನರಿ ಕಳಿಸಿದ್ದರು. ತಿರುನೆಲ್ವೇಲಿಯಲ್ಲಿ ಅದರ ಎಷ್ಟೋ ಪಟ್ಟು ಕ್ರೈಸ್ತರಿದ್ದೂ ಇಂಥ ಒಂದು ಸಂಘವಿರಲಿಲ್ಲ. 1903ರ ಫೆಬ್ರವರಿ 12ರಂದು ತಿರುನೆಲ್ವೇಲಿಯ ಇಂಡಿಯನ್ ಮಿಷನರಿ ಸೊಸೈಟಿ ಹುಟ್ಟಿತು. 1905ರ ಕ್ರಿಸ್ಮಸ್ ದಿನ, ಕ್ರೈಸ್ತ ಮುಂದಾಳು ಕೆ. ಟಿ. ಪಾಲ್ ಮುಂತಾದವರ ಜೊತೆ ಸೇರಿ ಬಂಗಾಳದ ಸೆರಾಂಪುರದಲ್ಲಿ, ಹಿಂದಿನ ಇಂಗ್ಲಿಷ್ ಮಿಷನರಿ ವಿಲಿಯಂ ಕ್ಯಾರಿಯ ಗ್ರಂಥಾಲಯದಲ್ಲಿ, ನ್ಯಾಷನಲ್ ಮಿಷನರಿ ಸೊಸೈಟಿ. ಭಾರತೀಯ ಜನ, ಭಾರತೀಯ ದುಡ್ಡು, ಭಾರತೀಯ ಆಡಳಿತ ಎಂಬುದು ಅದರ ಕಟ್ಟುಪಾಡು. ವಿದೇಶಿ ಮಿಷನರಿ ಸಂಬಳ ಕೊಟ್ಟರೆ ಲೆಕ್ಕವನ್ನೂ ಅವನೇ ಕೇಳುತ್ತಾನೆ, ಲೆಕ್ಕ ಕೇಳುವವನೇ ತೀರ್ಮಾನವನ್ನೂ ಮಾಡುತ್ತಾನೆ. ಹಣದ ಮೂಲ ಬದಲಾಗದೆ ಅಧಿಕಾರ ಬದಲಾಗದು ಎಂಬುದನ್ನು ಅಜರಯ್ಯ ಬಿಷಪ್ ಆಗುವುದಕ್ಕೆ ಹತ್ತು ವರ್ಷ ಮೊದಲೇ ಕಂಡುಕೊಂಡಿದ್ದರು.

ಈ ತಿರುನೆಲ್ವೇಲಿ ಸಂಘ ಆರಿಸಿಕೊಂಡ ಸೀಮೆ ಹೈದರಾಬಾದ್ ಸಂಸ್ಥಾನದ ಪೂರ್ವದ ತೆಲುಗು ನಾಡು. ಡೋರ್ನಕಲ್ ಅಲ್ಲಿಯದು. ಕಾಜೀಪೇಟೆಯಿಂದ ವಿಜಯವಾಡಕ್ಕೆ ಹೋಗುವ ರೈಲು ದಾರಿಯಲ್ಲಿ, ಸಿಂಗರೇಣಿ ಕಲ್ಲಿದ್ದಲ ಸೀಮೆಗೆ ಕವಲು ಒಡೆಯುವ ಜಂಕ್ಷನ್. ಈಗಿನ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆ. ತಮಿಳರಿಗೆ ಇದು ಬೇರೆ ಭಾಷೆ, ಬೇರೆ ಸರ್ಕಾರ, ಬೇರೆ ಊಟ. ಸಂಘದ ಕಾರ್ಯದರ್ಶಿಯಾಗಿ ಬೇರೆಯವರನ್ನು ಅಲ್ಲಿಗೆ ಕಳಿಸುತ್ತಿದ್ದ ಅಜರಯ್ಯ, 1909ರಲ್ಲಿ ವೈಎಂಸಿಎ ಕೆಲಸ ಬಿಟ್ಟು ತಾವೇ ಹೆಂಡತಿ ಮಕ್ಕಳೊಂದಿಗೆ ಹೊರಟರು. ಅದೇ ವರ್ಷ ಜೂನ್‌ನಲ್ಲಿ ಡೀಕನ್ (ಸಹಾಯಕ ಪಾದ್ರಿ), ಡಿಸೆಂಬರ್‌ನಲ್ಲಿ ಪ್ರೀಸ್ಟ್ (ಪೂರ್ಣ ಪಾದ್ರಿ) ಆದರು. 35ನೇ ವಯಸ್ಸಿನಲ್ಲಿ ತೆಲುಗು ಕಲಿತರು.

ಇನ್ನು ಬಿಷಪ್ ಆಗುವ ಬಗೆ. ಆಂಗ್ಲಿಕನ್ ಸಭೆಯಲ್ಲಿ ಮೂರು ಮೆಟ್ಟಿಲು: ಡೀಕನ್, ಪ್ರೀಸ್ಟ್, ಬಿಷಪ್. ಪ್ರಾರ್ಥನಾ ಪುಸ್ತಕದ ಪ್ರಕಾರ ಕನಿಷ್ಠ ವಯಸ್ಸು ಕ್ರಮವಾಗಿ 23, 24, 30. ಕೊನೆಯ ಮೆಟ್ಟಿಲಿಗೆ ಒಬ್ಬ ಬಿಷಪ್ ಕೈಯಿಟ್ಟರೆ ಸಾಲದು. ನಾಲ್ಕನೆಯ ಶತಮಾನದ ನೈಸೀಯ ಮಹಾಸಭೆಯ ಕಾಲದಿಂದ ಬಂದ ನಿಯಮದಂತೆ ಕನಿಷ್ಠ ಮೂವರು ಬೇಕು. ಇಬ್ಬರು ಬಿಷಪ್‌ಗಳು ಅಭ್ಯರ್ಥಿಯನ್ನು ಕರೆತಂದು ನಿಲ್ಲಿಸುತ್ತಾರೆ, ಅಧಿಕಾರಪತ್ರ ಓದಲಾಗುತ್ತದೆ, ಪ್ರಶ್ನೆ ಕೇಳಲಾಗುತ್ತದೆ, ಹಸ್ತಾರ್ಪಣೆ ಆಗುತ್ತದೆ, ಕೈಗೆ ಸತ್ಯವೇದ ಕೊಡಲಾಗುತ್ತದೆ. ಈ ವಿಧಿಯಲ್ಲಿ ಯಾವ ತೊಡಕೂ ಇರಲಿಲ್ಲ. ಎಲ್ಲ ತೊಡಕೂ ಇದ್ದದ್ದು ಆ ಅಧಿಕಾರಪತ್ರದಲ್ಲಿ.

ಬ್ರಿಟಿಷ್ ಇಂಡಿಯಾದಲ್ಲಿ ಬಿಷಪ್ ಹುದ್ದೆ ಅರ್ಧ ಸಭೆಯದು, ಅರ್ಧ ಸರ್ಕಾರದ್ದು. ಕಲ್ಕತ್ತಾ 1814, ಮದ್ರಾಸ್ 1835, ಬೊಂಬಾಯಿ 1837 — ಈ ಮೂರನ್ನೂ ಹುಟ್ಟುಹಾಕಿದ್ದು ಇಂಗ್ಲೆಂಡಿನ ದೊರೆಯ ಪೇಟೆಂಟ್ ಪತ್ರ (ರಾಜಾಜ್ಞೆ), ಸಂಬಳ ಕೊಟ್ಟದ್ದು ಇಲ್ಲಿನ ಖಜಾನೆ. ದಂಡಿನ ಪಾದ್ರಿಗಳಾದ ಚಾಪ್ಲಿನ್‌ಗಳು ಸರ್ಕಾರಿ ನೌಕರರು. ಅಂಥ ಬಿಷಪ್‌ನ ಕೈಕೆಳಗೆ ಇಂಗ್ಲಿಷ್ ಪಾದ್ರಿಗಳೂ ಬರುತ್ತಾರೆ, ಕಲೆಕ್ಟರ್ ಮನೆಯವರನ್ನು ಸಭೆಯ ಪೂರ್ಣ ಸದಸ್ಯರಾಗಿಸುವ ದೃಢೀಕರಣ ವಿಧಿಯೂ ಬರುತ್ತದೆ. ಭಾರತೀಯನೊಬ್ಬನನ್ನು ಆ ಕುರ್ಚಿಯಲ್ಲಿ ಕೂರಿಸುವ ಮಾತು 1910ರಲ್ಲಿ ಸರ್ಕಾರಕ್ಕೂ ಬೇಡ, ಬಹಳ ಮಿಷನರಿಗಳಿಗೂ ಬೇಡ. 1877ರಲ್ಲಿ ತಿರುನೆಲ್ವೇಲಿಗೆ ಸಹಾಯಕ ಬಿಷಪ್‌ಗಳನ್ನು ಮಾಡಿದಾಗಲೂ ಆಯ್ಕೆಯಾದವರು ಇಬ್ಬರೂ ಬಿಳಿಯರೇ: ಎಡ್ವರ್ಡ್ ಸಾರ್ಜೆಂಟ್ ಮತ್ತು ರಾಬರ್ಟ್ ಕಾಲ್ಡ್‌ವೆಲ್. ಹೌದು, ಕನ್ನಡ, ತಮಿಳು, ತೆಲುಗು, ಮಲಯಾಳಂ, ತುಳುಗಳೆಲ್ಲ ಒಂದೇ ಬಳಗ ಎಂದು ವ್ಯಾಕರಣ ಬರೆದು ತೋರಿಸಿದ ಅದೇ ಕಾಲ್ಡ್‌ವೆಲ್.

ದಾರಿ ಹುಡುಕಿದವರು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ಡೋರ್ನಕಲ್ ಇದ್ದದ್ದು ನಿಜಾಮನ ರಾಜ್ಯದಲ್ಲಿ, ಬ್ರಿಟಿಷ್ ಇಂಡಿಯಾದ ಹೊರಗೆ. ಅಲ್ಲಿ ದೊರೆಯ ಪೇಟೆಂಟ್ ಪತ್ರದ ಬಿಗಿ ಕಡಿಮೆ, ಸರ್ಕಾರಿ ಸಂಬಳದ ಗೊಡವೆಯಿಲ್ಲ, ಆಜ್ಞೆ ಕೇಳಬೇಕಾದ ಇಂಗ್ಲಿಷರೂ ಹೆಚ್ಚಿಲ್ಲ. ಮೊದಲಿಗೆ ಸಣ್ಣ ಸಭಾಪ್ರಾಂತ (ಒಬ್ಬ ಬಿಷಪ್ ಕೈಕೆಳಗಿನ ಸೀಮೆ) ಮಾಡಿ, ಜೊತೆಗೆ ಮದ್ರಾಸಿನ ಸಹಾಯಕ ಬಿಷಪ್ ಎಂಬ ಹೆಸರೂ ಕೊಟ್ಟರೆ ಗದ್ದಲ ತಗ್ಗುತ್ತದೆ ಎಂಬುದು ಲೆಕ್ಕ. ನೇರ ಬಾಗಿಲಲ್ಲಿ ಬಿಡದಿದ್ದರೆ ಹಿತ್ತಿಲ ಬಾಗಿಲಲ್ಲಿ ಕರೆದುಕೊಂಡಂತೆ.

ಗದ್ದಲ ತಗ್ಗಲಿಲ್ಲ. ವಿರೋಧ ಮೂರು ಕಡೆಯಿಂದ ಬಂತು. ಬಿಳಿಯ ಮಿಷನರಿಗಳು, ಭಾರತೀಯನ ಕೆಳಗೆ ಕೆಲಸ ಮಾಡುವುದು ಹೇಗೆ ಎಂದರು. ತಿರುನೆಲ್ವೇಲಿಯ ಮೇಲ್ಜಾತಿ ಮೂಲದ ಕ್ರೈಸ್ತರು, ನಾಡಾರನೊಬ್ಬ ಹೇಗೆ ಬಿಷಪ್ ಆದಾನು ಎಂದರು. ಮೂರನೆಯದು ಆಫ್ರಿಕದ ಉದಾಹರಣೆ, ಬಾಯಿ ಮುಚ್ಚಿಸಲು ಎಲ್ಲರೂ ಬಳಸಿದ್ದು. 1864ರಲ್ಲಿ ಕ್ಯಾಂಟರ್ಬರಿಯಲ್ಲಿ ಬಿಷಪ್ ಆದ ಯೊರುಬಾ ಜನಾಂಗದ ಸ್ಯಾಮುಯೆಲ್ ಅಜಯಿ ಕ್ರೌಥರ್ ಅವರಿಗೆ ನೈಜರ್ ನದಿಯ ಉದ್ದಕ್ಕೂ ಹಬ್ಬಿದ ಸೀಮೆ ಕೊಟ್ಟಿದ್ದರು. ಭಾಷೆಗಳು ಹತ್ತಾರು, ಓಡಾಡಲು ವ್ಯಾಪಾರಿ ಕಂಪನಿಯ ಹಡಗೇ ಗತಿ, ಸಹಾಯಕರ ಮೇಲೆ ಕಣ್ಣಿಡಲು ಆಗದಷ್ಟು ದೂರ. 1890ರಲ್ಲಿ ಯುವ ಇಂಗ್ಲಿಷ್ ಮಿಷನರಿಗಳು ಅವರ ಸಿಬ್ಬಂದಿಯನ್ನು ಕಿತ್ತುಹಾಕಿದರು. 1891ರ ಕೊನೆಯ ದಿನ ಕ್ರೌಥರ್ ತೀರಿಕೊಂಡರು. ಆ ಜಾಗಕ್ಕೆ ಬಿಳಿಯ ಬಿಷಪ್ ಬಂದರು. ಆಗದ ಕೆಲಸ ವಹಿಸಿ, ಕೈಗೆ ಅಧಿಕಾರ ಕೊಡದೆ, ಕೊನೆಗೆ 'ನೋಡಿದಿರಾ, ಇವರಿಗೆ ಆಗುವುದಿಲ್ಲ' ಅನ್ನುವ ವರಸೆ ನಮಗೇನು ಹೊಸದಲ್ಲ. ವೈಟ್‌ಹೆಡ್ ಯೋಜನೆಯಲ್ಲಿ ಒಳ್ಳೆಯದಿದ್ದದ್ದು ಇದೇ: ಸಣ್ಣ ಸೀಮೆ, ಒಂದೇ ಮುಖ್ಯ ಭಾಷೆ, ಬಿಷಪ್ ವಾಸ ಅಲ್ಲೇ.

1912ರ ಡಿಸೆಂಬರ್ 29, ಭಾನುವಾರ. ಕಲ್ಕತ್ತಾದ ಸೇಂಟ್ ಪಾಲ್ಸ್ ಕಥೀಡ್ರಲ್‌ನಲ್ಲಿ ಹನ್ನೊಂದು ಬಿಷಪ್‌ಗಳು ಅಜರಯ್ಯನವರ ತಲೆಯ ಮೇಲೆ ಕೈಯಿಟ್ಟರು. ಮೂವರು ಸಾಕಿದ್ದ ಕಡೆ ಹನ್ನೊಂದು ಮಂದಿ ಬಂದು ನಿಂತದ್ದನ್ನು ಬರೀ ವೈಭವ ಎಂದುಕೊಳ್ಳಬಾರದು. ಮುಂದೆ ಯಾರೂ 'ಇದು ಅರೆಬರೆ ಬಿಷಪ್' ಅನ್ನದಂತೆ ಹಾಕಿದ ಮೊಳೆ ಅದು.

ಡೋರ್ನಕಲ್‌ನಲ್ಲಿ ಸಭೆಗೆ ಬರುತ್ತಿದ್ದವರು ಬಹುಪಾಲು ಮಾಲ ಮತ್ತು ಮಾದಿಗ ಎಂಬ ದಲಿತ ಕೇರಿಗಳ ಜನ. ಭೂಮಿ ರೆಡ್ಡಿ, ಕಮ್ಮ, ವೆಲಮ ದೊರೆಗಳದು. ಇವರದು ಜೀತ ಮತ್ತು ಬಿಟ್ಟಿ ಚಾಕರಿ. ಒಬ್ಬೊಬ್ಬರಾಗಿ ಬರುತ್ತಿರಲಿಲ್ಲ, ಕೇರಿಗೆ ಕೇರಿಯೇ, ಹಿರಿಯರು ಕೂತು ಮಾತಾಡಿ ತೀರ್ಮಾನ ಮಾಡಿ ಬರುತ್ತಿತ್ತು. ಗುಂಪಾಗಿ ಬಂದವರಿಗೆ ಹಿಂದೆಯೇ ದೀಕ್ಷಾಸ್ನಾನ ಕೊಟ್ಟು ಬಿಟ್ಟರೆ ಎರಡು ವರ್ಷದಲ್ಲಿ ಆ ಕೇರಿ ಹಳೆಯ ಹಾಗೇ ಆಗುತ್ತದೆ. ಹಾಗಾಗಿ ಹೊಣೆ ಬಿದ್ದದ್ದು ಊರ ಉಪದೇಶಿಯ ಮೇಲೆ.

ಉಪದೇಶಿ ಎಂದರೆ ಒಂದೇ ಆಳಿಗೆ ನಾಲ್ಕು ಕೆಲಸ. ಹಗಲು ಮಕ್ಕಳು ದೊರೆಯ ದನ ಕಾಯಲು ಹೋಗಿರುತ್ತಾರೆ, ಆದ್ದರಿಂದ ಶಾಲೆ ದೀಪ ಹಚ್ಚಿದ ಮೇಲೆ. ಅದರ ನಂತರ ದೊಡ್ಡವರ ಪ್ರಾರ್ಥನೆ. ಭಾನುವಾರ ಆರಾಧನೆ. ನಡುವೆ ಅರ್ಜಿ ಬರೆದುಕೊಡುವುದು, ಸಾಲದ ಪತ್ರ ಓದಿ ಹೇಳುವುದು. ಪತ್ರ ಓದಬಲ್ಲ ಒಬ್ಬ ಮನುಷ್ಯ ಕೇರಿಯಲ್ಲಿ ಇದ್ದಾನೆ ಎಂಬುದೇ ಸಾಹುಕಾರನಿಗೆ ಕಿರಿಕಿರಿ. ಶಾಲೆ ಗುಡಿಸಲಿಗೆ ವಿರೋಧ ಏಳುತ್ತಿದ್ದದ್ದು ಬಹಳ ಸಲ ಧರ್ಮದ ಕಾರಣಕ್ಕಲ್ಲ, ಇದಕ್ಕೆ. ಓದು ಬಾರದ ದೊಡ್ಡವರಿಗೆ ಪುಸ್ತಕ ಕೊಟ್ಟು ಉಪಯೋಗವಿಲ್ಲ. ಕರ್ತನ ಪ್ರಾರ್ಥನೆ, ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ ಇವಿಷ್ಟು ಬಾಯಿಪಾಠ. ಕಥೆಗಳೆಲ್ಲ ತೆಲುಗು ಹಾಡು, ಭಜನೆಗಳ ಮೂಲಕ.

ಇಲ್ಲಿ ಅಜರಯ್ಯನವರ ಒಂದು ಹಟ ಗಮನಿಸಬೇಕು. ಉಪದೇಶಿ, ಪಾದ್ರಿ ತರಬೇತಿಗೆ ಬರುವವನು ಹೆಂಡತಿಯನ್ನೂ ಕರೆತರಬೇಕು, ಆಕೆಗೂ ಪಾಠ. ಗಂಡಸು ಮಾತ್ರ ಕಲಿತು ಬಂದರೆ ಕೇರಿಯ ಅರ್ಧ ಜನದ ಹತ್ತಿರ, ಅಂದರೆ ಹೆಂಗಸರ ಹತ್ತಿರ, ಹೋಗಿ ಮಾತಾಡುವವರೇ ಇರುವುದಿಲ್ಲ. ಹೆರಿಗೆ, ಮಗುವಿನ ಭೇದಿ, ಮದುವೆಯ ಸಾಲ ಎಲ್ಲ ತೀರ್ಮಾನವಾಗುವುದು ಅಲ್ಲಿ. ಅನ್ಬು ಮರಿಯಮ್ಮಾಳ್ ಅವರ ಕೆಲಸದ ತಿರುಳು ಈ ಹೆಂಗಸರ ತರಬೇತಿ. ಅಜರಯ್ಯ ನಾಲ್ಕು ಶತ್ರುಗಳ ಹೆಸರು ಹೇಳುತ್ತಿದ್ದರು: ಕೊಳೆ, ಕಾಯಿಲೆ, ಸಾಲ, ಹೆಂಡ. ನಾಲ್ಕರಲ್ಲಿ ಮೂರಾದರೂ ಒಲೆಯ ಬಳಿಯಿಂದಲೇ ಹಿಡಿತಕ್ಕೆ ಬರಬೇಕಾದವು.

ದೀಕ್ಷಾಸ್ನಾನದ ದಿನ ಇನ್ನೊಂದು ಪದ್ಧತಿ. ಹೊಸದಾಗಿ ಸ್ನಾನ ಪಡೆದವರು ಒದ್ದೆ ತಲೆಯ ಮೇಲೆ ತಮ್ಮದೇ ಕೈಯಿಟ್ಟುಕೊಂಡು ಬಿಷಪ್ ಹೇಳಿಕೊಟ್ಟಂತೆ ಹೇಳಬೇಕು: ನಾನು ದೀಕ್ಷಾಸ್ನಾನ ಪಡೆದ ಕ್ರೈಸ್ತ, ಸುವಾರ್ತೆ ಸಾರದಿದ್ದರೆ ನನ್ನ ಗತಿ ಏನು ಹೇಳಲಿ. ಸಾರುವುದು ಸಂಬಳದ ಪಾದ್ರಿಯ ಕೆಲಸ ಎಂಬ ಭಾವನೆ ಮೊದಲ ದಿನವೇ ಮುರಿಯಬೇಕೆಂಬುದು ಉದ್ದೇಶ. ವರ್ಷಕ್ಕೊಂದು ವಾರ ಸಭೆಯವರೆಲ್ಲ ಅಕ್ಕಪಕ್ಕದ ಊರಿಗೆ ಗುಂಪಾಗಿ ಹೋಗಿ ಹಾಡಿ ಸಾಕ್ಷಿ ಹೇಳುವ 'ಸಾಕ್ಷಿಯ ವಾರ'ವೂ ಇದೇ ಲೆಕ್ಕದ್ದು. ಉದ್ದದ ಉಪದೇಶ ಹೇಳಲು ಬಾರದ ಕೂಲಿಯವನೂ 'ಮೊದಲು ಹೀಗಿದ್ದೆ, ಈಗ ಹೀಗಿದ್ದೇನೆ' ಎಂದು ಎರಡು ಮಾತು ಹೇಳಬಲ್ಲ. 1930ರ ದಶಕದಲ್ಲಿ ಶೂದ್ರ ಜಾತಿಗಳಿಂದಲೂ ಜನ ಬರತೊಡಗಿದಾಗ, ಅವರನ್ನು ಎಳೆದದ್ದು ದೊಡ್ಡ ಭಾಷಣವಲ್ಲ, ಪಕ್ಕದ ಕೇರಿಯವರು ಕುಡಿತ ಬಿಟ್ಟದ್ದು, ಮಕ್ಕಳು ಓದಿದ್ದು ಕಣ್ಣಿಗೆ ಬಿದ್ದದ್ದು ಎಂದು ಅಜರಯ್ಯ ಹೇಳುತ್ತಿದ್ದರು.

ಇನ್ನು ದುಡ್ಡು. ಕೂಲಿ ಕಾಳಿನಲ್ಲಿ ಸಿಗುವಾಗ ಭಾನುವಾರ ತಟ್ಟೆ ಹಿಡಿದರೆ ಬೀಳುವುದು ಏನು? ಇಲ್ಲಿಗೆ ಹಿಡಿ ಅಕ್ಕಿಯ ಪದ್ಧತಿ ಬಂತು. ಒಲೆ ಹೊತ್ತಿಸಿ ಅಳೆದು ತೆಗೆದ ಕಾಳಿನಿಂದ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುವುದು, ಭಾನುವಾರ ಅದನ್ನು ಗುಡಿಗೆ ತರುವುದು. ತೆಲಂಗಾಣದ ಕಡೆ ಅಕ್ಕಿಯಷ್ಟೇ ಜೋಳವೂ ನಡೆಯುತ್ತದೆ. ಲೆಕ್ಕ ಹಾಕಿ: ಹೆಂಗಸಿನ ಒಂದು ಹಿಡಿ 40ರಿಂದ 50 ಗ್ರಾಂ. ದಿನಕ್ಕೆ ಒಂದೇ ಹೊತ್ತು ಒಲೆ ಉರಿದರೂ ತಿಂಗಳಿಗೆ ಒಂದೂಕಾಲರಿಂದ ಒಂದೂವರೆ ಕಿಲೋ. ಐವತ್ತು ಮನೆಯ ಕೇರಿಯಾದರೆ ತಿಂಗಳಿಗೆ 60–75 ಕಿಲೋ ಕಾಳು. ಉಪದೇಶಿಯ ಮನೆಯ ಹೊಟ್ಟೆ ತುಂಬಿ ಸ್ವಲ್ಪ ಮಿಗುತ್ತದೆ. ದೂರದ ಲಂಡನ್ನಿನ ಸಮಿತಿಯ ಚೆಕ್ಕಿಗಿಂತ ಈ ಗಡಿಗೆ ಭದ್ರ. ಮುಖ್ಯವಾದ ಮಾತು, ಗಡಿಗೆ ಇರುವುದು ಹೆಂಗಸಿನ ಕೈಯಲ್ಲಿ. ಗಂಡ ಹೆಂಡದಂಗಡಿಗೆ ಒಯ್ಯುವ ಕಾಸಲ್ಲ ಅದು.

ಹಿಡಿ ಅಕ್ಕಿ ನಡೆಸಿದ ಯಾವ ಸಭೆಗೂ ಗೊತ್ತಿರುವ ತೊಡಕುಗಳೂ ಇವೆ. ಬಿತ್ತನೆಯಿಂದ ಕೊಯ್ಲಿನವರೆಗೆ ಮನೆಯ ಗಡಿಗೆಯೇ ಬರಿದು, ಆಗ ಕಾಣಿಕೆಯ ಗಡಿಗೆ ತುಂಬುವುದಿಲ್ಲ. ಆ ಮೂರು ತಿಂಗಳಿಗೆ ಸುಗ್ಗಿ ಹಬ್ಬದ ಕಾಣಿಕೆಯಿಂದ ಮೊದಲೇ ಎತ್ತಿಡಬೇಕು. ಜೋಳ, ಅಕ್ಕಿ, ನುಚ್ಚು ಬೆರೆತರೆ ಕಾಳು ಮಾರುವ ಹರಾಜಿನಲ್ಲಿ ಬೆಲೆ ಬರದು, ಬೇರೆ ಬೇರೆ ಮೊರ ಇಡಬೇಕು. ಎರಡು ವಾರ ಮಾರದೆ ಬಿಟ್ಟರೆ ಮಳೆಗಾಲದಲ್ಲಿ ಹುಳ ಹಿಡಿಯುತ್ತದೆ. ಎಲ್ಲಕ್ಕಿಂತ ದೊಡ್ಡದು, ಲೆಕ್ಕವನ್ನು ಎಲ್ಲರೆದುರು ಓದದಿದ್ದರೆ ಮರುತಿಂಗಳೇ ಹಿಡಿ ಸಣ್ಣದಾಗುತ್ತದೆ. ಕೊಡುವುದನ್ನು ಆರಾಧನೆಯ ಭಾಗವೆಂದೇ ಕಲಿಸಬೇಕು ಎಂದು ಅಜರಯ್ಯ ಒಂದು ಪುಟ್ಟ ಪುಸ್ತಕವನ್ನೇ ಬರೆದರು. ಅದು ಎಷ್ಟೋ ಭಾಷೆಗಳಿಗೆ ಹೋಯಿತು.

1920ರ ದಶಕದ ಆರಂಭದಲ್ಲಿ ಸಭಾಪ್ರಾಂತ ಹಿಗ್ಗಿ, ಕೃಷ್ಣಾ-ಗೋದಾವರಿ ಕರಾವಳಿಯ ಹಳೆಯ ತೆಲುಗು ಮಿಷನ್‌ಗಳೂ ಕರ್ನೂಲು-ನಂದ್ಯಾಲದ ಕಡೆಯೂ ಒಳಗೆ ಬಂದವು. ಅಂದರೆ ಇಂಗ್ಲಿಷ್ ಮಿಷನರಿಗಳು ಈಗ ಅಜರಯ್ಯನವರ ಕೈಕೆಳಗೆ. ಹತ್ತು ವರ್ಷದ ಹಿಂದೆ ಆಗದು ಅಂದದ್ದು ಆಗಿಹೋಯಿತು. 1924ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪಾದ್ರಿಗಳು 8, ಭಾರತೀಯರು 53. ಮುಂದಿನ ದಶಕದ ಹೊತ್ತಿಗೆ ಊರ ಉಪದೇಶಿಗಳೇ ಸುಮಾರು ಎರಡು ಸಾವಿರ, 1940ರ ದಶಕದ ಮೊದಲಿಗೆ ಸಭಿಕರು ಎರಡು ಲಕ್ಷ ದಾಟಿದ್ದರು.

ಎಲ್ಲವೂ ಸರಿಹೋಯಿತು ಎಂದೇನಲ್ಲ. ದೀಕ್ಷಾಸ್ನಾನದ ನೀರಿನಲ್ಲಿ ಜಾತಿ ಕರಗಲಿಲ್ಲ. ಮಾಲ ಕ್ರೈಸ್ತರು ಮೊದಲು ಓದಿದರು, ಉಪದೇಶಿ ಕೆಲಸಗಳು ಹೆಚ್ಚಾಗಿ ಅವರಿಗೇ ಹೋದವು. ಮಾದಿಗ ಕ್ರೈಸ್ತರಿಗೆ ಇದು ಸರಿಕಾಣಲಿಲ್ಲ. ಮಾದಿಗ ಕೇರಿಗೆ ಮಾಲ ಉಪದೇಶಿ ಹೋದರೆ ನೀರು ಯಾರ ಬಾವಿಯದು ಎಂಬಲ್ಲಿಂದ ಜಗಳ. ಅಜರಯ್ಯನವರಿಗೆ ಇದು ಕೊನೆಯವರೆಗೂ ಬಗೆಹರಿಯದ ತಲೆನೋವು. 1935ರಲ್ಲಿ ಮಹಾರಾಷ್ಟ್ರದ ಯೇವಲಾದಲ್ಲಿ ಅಂಬೇಡ್ಕರ್, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ ಮೇಲೆ ಇಬ್ಬರ ಭೇಟಿಯಾಯಿತು. ನಾವು ಕ್ರೈಸ್ತರಾದರೆ ಎಲ್ಲಿದ್ದರೂ ಒಂದೇ ಸಭೆಯಲ್ಲಿ ಇರಬಹುದೇ, ಜಾತಿಯಿಂದ ಪೂರ್ತಿ ಬಿಡುಗಡೆ ಇದೆಯೇ ಎಂಬುದು ಅಂಬೇಡ್ಕರ್ ಕೇಳಿದ ಪ್ರಶ್ನೆ. ಹೌದು ಎನ್ನಲಾಗದೆ, ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ ಎಂದು ಅಜರಯ್ಯ ಆಮೇಲೆ ಹೇಳಿಕೊಂಡರು. ಗಾಂಧೀಜಿಯ ಜೊತೆಗಂತೂ ಮತಾಂತರದ ವಿಷಯದಲ್ಲಿ ನೇರ ಭಿನ್ನಾಭಿಪ್ರಾಯ. ಕೇರಿಯ ಜನಕ್ಕೆ ಧರ್ಮ ಆರಿಸಿಕೊಳ್ಳುವ ಬುದ್ಧಿಯಿಲ್ಲ ಎಂಬ ಧ್ವನಿಯನ್ನು ಅಜರಯ್ಯ ಒಪ್ಪಲಿಲ್ಲ. ಅದೇ ಹೊತ್ತಿಗೆ ಕ್ರೈಸ್ತರಿಗೆ ಪ್ರತ್ಯೇಕ ಮತದಾರ ಪಟ್ಟಿ ಬೇಡ, ಸಭೆ ರಾಜಕೀಯ ಕೋಮಾಗಬಾರದು ಎಂದೂ ಪಟ್ಟು ಹಿಡಿದರು. ಎರಡೂ ಕಡೆಯವರ ಕಣ್ಣು ಕೆಂಪಾಗಲು ಇಷ್ಟು ಸಾಕಿತ್ತು.

ಡೋರ್ನಕಲ್‌ನ ಎಪಿಫನಿ ಕಥೀಡ್ರಲ್ ಪ್ರತಿಷ್ಠೆಯಾದದ್ದು 1939ರ ಜನವರಿ 6ರಂದು. ದುಡ್ಡು ಬಂದಷ್ಟು ಕಟ್ಟಿ, ನಿಂತು, ಮತ್ತೆ ಕಟ್ಟಿ ಸುಮಾರು ಕಾಲು ಶತಮಾನ ಹಿಡಿಯಿತು. ದೂರದಿಂದ ನೋಡಿದರೆ ಗುಮ್ಮಟ ಮತ್ತು ಮಿನಾರು, ನಿಜಾಮನ ಸೀಮೆಯ ಕಟ್ಟಡವೇ. ಒಳಗೆ ಕಾಲಿಟ್ಟರೆ ದಕ್ಷಿಣದ ದೇವಸ್ಥಾನದ ಕಲ್ಲುಕಂಬಗಳು. ಕಂಬದ ಕೆತ್ತನೆಯಲ್ಲಿ ದತ್ತೂರಿ ಹೂವು, ಬಾಳೆಯ ಮೂತಿ, ಕಮಲ. ಬಿರಿದ ಕಮಲದ ಮೇಲೆ ಶಿಲುಬೆ. ವಿಷದ ದತ್ತೂರಿ ಸಾವಿಗೆ, ಹಳೆಯ ಗಿಡ ಸತ್ತು ಕಂದು ಚಿಗುರುವ ಬಾಳೆ ಸಾವಿನಿಂದ ಬರುವ ಜೀವಕ್ಕೆ, ಕಮಲ ಭಾರತಕ್ಕೆ. ಇಂಗ್ಲೆಂಡಿನ ಚೂಪು ಕಮಾನಿನ ನಕಲನ್ನೇ ಊರೂರಲ್ಲಿ ಕಟ್ಟುತ್ತಿದ್ದ ಕಾಲದಲ್ಲಿ ಇಂಥ ನಕ್ಷೆಗೆ ಒಪ್ಪಿಗೆ ಕೊಡಲು ಧೈರ್ಯ ಬೇಕಿತ್ತು.

ಕೊನೆಯದು ಸಭೆಗಳ ಐಕ್ಯ. ಹಳ್ಳಿಯಲ್ಲಿ ಕೆಲಸ ಮಾಡಿದವರಿಗೆ ಇದು ತತ್ತ್ವದ ವಿಷಯವಲ್ಲ. ರೈಲು ಹಳಿಯ ಈಚೆಯ ಕೇರಿ ಆಂಗ್ಲಿಕನ್, ಆಚೆಯದು ಮೆಥಡಿಸ್ಟ್ ಎಂಬ ಬೇರೆ ಪಂಗಡ. ಹುಡುಗಿ ಮದುವೆಯಾಗಿ ಆಚೆ ಹೋದರೆ ಪ್ರಭು ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ) ಪರದೇಶಿ. 1919ರ ಮೇ 1 ಮತ್ತು 2ರಂದು ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ 33 ಮಂದಿ ಸೇರಿದರು, ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು, ಮುಂದಾಳು ಅಜರಯ್ಯ. ಅಲ್ಲಿಂದ ಹೊರಟ ಹೇಳಿಕೆಯಿಂದ ಮಾತುಕತೆ ಶುರುವಾಯಿತು. 1927ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನಲ್ಲಿ ಸಭೆಗಳ ಐಕ್ಯಕ್ಕಾಗಿ ನಡೆದ ಸಮ್ಮೇಳನದಲ್ಲಿ ಅಜರಯ್ಯ ಇದನ್ನೇ ಹೇಳಿದರು: ಕ್ರೈಸ್ತ ದೇಶಗಳಲ್ಲಿ ಒಡಕು ಒಂದು ದೌರ್ಬಲ್ಯ ಇರಬಹುದು, ನಮ್ಮಲ್ಲಿ ಅದು ಪಾಪ ಮತ್ತು ಹಗರಣ.

ಗಂಟು ಬಿದ್ದದ್ದು ಬಿಷಪ್ ವಿಷಯದಲ್ಲೇ. ಆಂಗ್ಲಿಕನ್ನರಿಗೆ ಬಿಷಪ್ ಕೈಯಿಡದ ಪಾದ್ರಿ ಪಾದ್ರಿಯಲ್ಲ. ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್, ಮೆಥಡಿಸ್ಟ್ ಪಾದ್ರಿಗಳಿಗೆ ಇಪ್ಪತ್ತು ವರ್ಷ ಸೇವೆ ಮಾಡಿದ ಮೇಲೆ ಮತ್ತೆ ಅಭಿಷೇಕ ಮಾಡಿಸಿಕೊಳ್ಳಿ ಅಂದರೆ, ಇಷ್ಟು ದಿನ ಮಾಡಿದ್ದು ಸುಳ್ಳೇ ಎಂದು ಅವಮಾನ. ಕೊನೆಗೆ ಕಂಡ ದಾರಿ: ಈಗಿರುವ ಎಲ್ಲ ಪಾದ್ರಿಗಳನ್ನೂ ಇದ್ದಂತೆಯೇ ಸ್ವೀಕರಿಸುವುದು; ಇನ್ನು ಮುಂದಿನ ಪ್ರತಿ ಅಭಿಷೇಕ ಬಿಷಪ್ ಕೈಯಿಂದಲೇ; ಮೂವತ್ತು ವರ್ಷದ ಪರಿವರ್ತನೆಯ ಕಾಲ; ಒಪ್ಪದ ಸಭೆಯ ಮೇಲೆ ಅದಕ್ಕೆ ಬೇಡದ ಪಾದ್ರಿಯನ್ನು ಹೇರದಿರುವುದು. ವಿಧಿ-ಪರಂಪರೆಗೆ ಹೆಚ್ಚು ಒತ್ತು ಕೊಡುವ 'ಹೈ ಚರ್ಚ್' ಆಂಗ್ಲಿಕನ್ನರು, ಅದರಲ್ಲೂ ಇಂಗ್ಲೆಂಡಿನ ಆಂಗ್ಲೋ-ಕ್ಯಾಥೊಲಿಕ್ ಪಂಗಡದವರು, ಇದನ್ನು ವರ್ಷಗಟ್ಟಲೆ ಎಳೆದಾಡಿದರು.

ಅಜರಯ್ಯ 1945ರ ಜನವರಿ 1ರಂದು ಡೋರ್ನಕಲ್‌ನಲ್ಲಿ ತೀರಿಕೊಂಡರು. ಭಾರತ, ಬರ್ಮಾ, ಸಿಲೋನ್‌ಗಳ ಆಂಗ್ಲಿಕನ್ ಸಭೆಯ ಮಹಾಮಂಡಳಿ ಐಕ್ಯದ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಅದೇ ತಿಂಗಳು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ ದಕ್ಷಿಣ ಇಂಡಿಯಾ ಸಭೆ, ನಮ್ಮ ಬಾಯಲ್ಲಿ ಸಿಎಸ್‌ಐ, ಹುಟ್ಟಿತು. ಬೆಂಗಳೂರಿನಲ್ಲಿ ದಂಡಿನ ಆಂಗ್ಲಿಕನ್ ಗುಡಿಯಾಗಿದ್ದ ಸೇಂಟ್ ಮಾರ್ಕ್ಸ್ ಮತ್ತು ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ನಿನ ಹಡ್ಸನ್ ಸ್ಮಾರಕ ದೇವಾಲಯ ಇವತ್ತು ಒಬ್ಬನೇ ಬಿಷಪ್‌ನ ಕೆಳಗೆ ಇರುವುದು, ಮಂಗಳೂರಿನ ಬಾಸೆಲ್ ಮಿಷನ್ ಪರಂಪರೆಯ ಶಾಂತಿ ಕಥೀಡ್ರಲ್‌ಗೆ ಬಿಷಪ್ ಪೀಠ ಇರುವುದು ಈ ಒಪ್ಪಂದದಿಂದ. ಅಜರಯ್ಯನವರ ಸ್ವಂತ ಸಭಾಪ್ರಾಂತದ ನಂದ್ಯಾಲದ ಸಭೆಗಳು ಮಾತ್ರ ಆಗ ಬರಲೊಪ್ಪದೆ ಹೊರಗುಳಿದವು. ಅವು ಸಿಎಸ್‌ಐ ಸೇರುವ ಹೊತ್ತಿಗೆ 1975 ಆಗಿತ್ತು.